ಕಣ್ಣಾರೆ ಕಂಡವರು

ಶಾಸಕರ ಆಫೀಸಿನ ಬಾಗಿಲಲ್ಲಿ ಹೆಸರು ಕೇಳಿದಾಗ ಅವಳು ತಂಗಿಯ ಹೆಸರು ಕೊಟ್ಟಳು. ಗುಮಾಸ್ತ ಹೊಸಬ, ಅನುಮಾನಪಡದೆ ಬರೆದುಕೊಂಡು ಬೆಂಚು ತೋರಿಸಿದ. ಈ ವಯಸ್ಸಿನಲ್ಲಿ ಇಂಥ ಸುಳ್ಳು ಬೇಕಿತ್ತೇ ಎಂದು ಅವಳು ನಾಚಿ ಹಿಡಿಯಷ್ಟಾದಳು. ಬೆಂಚಿನ ಮೂಲೆಗೆ ಸರಿದು, ಛತ್ರಿಯನ್ನು ತೊಡೆಯ ಮೇಲಿಟ್ಟುಕೊಂಡು, ಉಣ್ಣೆಯ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡಳು.

ಜೊತೆಗೆ ಬಂದವರು ಇಬ್ಬರು. ಒಬ್ಬ ನಿವೃತ್ತನಾದ ಅಂಚೆಯವನು, ಇನ್ನೊಬ್ಬಳು ಬೇಕರಿಯವಳು. ಬೇಕರಿಯವಳ ಮುಂಗೈಯಲ್ಲಿ ಹಿಟ್ಟು ಇನ್ನೂ ಅಂಟಿಕೊಂಡಿತ್ತು, ಮೂಗಿನ ತುದಿಯಲ್ಲಿ ಕೋಪ.

"ನಾನು ಬಾಯಿ ಬಿಟ್ರೆ ಈ ಶಾಸಕರು ಮೇಜಿನಡಿ ಸೇರ್ಕೋಬೇಕು, ನೋಡ್ತಾ ಇರಿ."

"ನೀನು ಬಾಯಿ ಬಿಡೋದೇ ಬೇಡ ತಾಯಿ," ಅಂಚೆಯವನೆಂದ. "ಬೈದ್ರೆ ಅವರಿಗೆ ಬೈದಿದ್ದಷ್ಟೇ ನೆನಪಿರತ್ತೆ. ಕೇಳೋದು ಒಂದೇ ಒಂದು. ನೋಡಿದ್ದನ್ನ ನೋಡಿದ ಹಾಗೆ ಹೇಳೋದು. ಕೊನೆಗೆ ಆಗತ್ತಾ, ಆಗಲ್ವಾ ಅಂತ ನೇರವಾಗಿ ಕೇಳೋದು. 'ನೋಡೋಣ' ಅಂದ್ರೆ ಮಾತ್ರ ಎದ್ದು ಬರಬಾರದು. ನಲವತ್ತು ವರ್ಷ ಬಾಗಿಲು ತಟ್ಟಿದೋನು ನಾನು, ನನಗೆ ಗೊತ್ತು."

ಬೇಡಿಕೆ ಸಣ್ಣದೇ. ಕಾಲುವೆಗೂ ನದಿಗೂ ನಡುವೆ ಹಾದುಹೋಗುವ ರಸ್ತೆಯನ್ನು ಅಗಲ ಮಾಡಲಿದ್ದರು. ನೀರುನಾಯಿಗಳು ಕಾಲುವೆಯ ದಂಡೆಯಲ್ಲಿ ಮರಿ ಹಾಕುತ್ತವೆ, ಮೀನಿಗೆ ನದಿಗೆ ಹೋಗುತ್ತವೆ. ಅವು ದಾಟಲೆಂದು ರಸ್ತೆಯಡಿಯಲ್ಲಿ ಎರಡು ಮೋರಿಗಳು ಮೊದಲ ನಕ್ಷೆಯಲ್ಲಿದ್ದವು. ದಂಡದ ಖರ್ಚೆಂದು ಶಾಸಕರು ಅವನ್ನು ತೆಗೆಸಿದ್ದರು. ಮಧ್ಯಾಹ್ನದ ಸಭೆಯಲ್ಲಿ ನಕ್ಷೆ ಪಾಸಾದರೆ ಮುಗಿಯಿತು, ಆಮೇಲೆ ಬಾಯಿ ಬಡಿದುಕೊಂಡು ಫಲವಿಲ್ಲ.

ಅವಳು ಇವರನ್ನು ಮೊದಲು ಕಂಡದ್ದು ಹೋದ ತಿಂಗಳು, ಅದೇ ರಸ್ತೆಯ ಬದಿಯಲ್ಲಿ. ಸತ್ತ ನೀರುನಾಯಿಯೊಂದನ್ನು ಇಬ್ಬರೂ ಹೂಳುತ್ತಿದ್ದರು. ಅವಳೂ ಬೆಳ್ಳಂಬೆಳಗ್ಗೆ, ಅದನ್ನು ಸುತ್ತಲೆಂದು ಒಂದು ಹಳೆಯ ಟವೆಲು ಹಿಡಿದುಕೊಂಡು ಅಲ್ಲಿಗೆ ಬಂದಿದ್ದಳು.

"ನಿನ್ನೆ ಸಂಜೆ ನೋಡಿದೆ. ಕಾರು ಹೊಡೀತು," ಎಂದಳು. "ಮರಿ ಪಕ್ಕದಲ್ಲೇ ಕೂತಿತ್ತು."

"ನಿಲ್ಲಿಸ್ಲಿಲ್ವಾ? ಯಾರದು ಕಾರು?"

"ನಿಲ್ಲಿಸ್ಲಿಲ್ಲ. ಮಬ್ಬಾಗಿತ್ತು."

ಮಬ್ಬಾಗಿದ್ದದ್ದು ನಿಜ. ಆದರೆ ಅಷ್ಟೇನೂ ಆಗಿರಲಿಲ್ಲ. ಆ ಮಾತು ಅಂದಿನಿಂದ ಗಂಟಲಲ್ಲಿ ಮುಳ್ಳಾಗಿ ಕೂತಿತ್ತು. ಅವರು ಅವಳ ಮನೆ ಎಲ್ಲಿ, ಯಾರವಳು ಎಂದು ಕೆದಕಲಿಲ್ಲ. ಬೇಕರಿಯವಳು "ಛತ್ರಿ ಅಕ್ಕ" ಎಂದು ಕರೆದು ಬಿಸಿ ಬನ್ನು ಕೈಗಿಡತೊಡಗಿದ ಮೇಲಂತೂ ಮುಳ್ಳು ಇನ್ನಷ್ಟು ಚುಚ್ಚುತ್ತಿತ್ತು. ಒಳ್ಳೆಯವರ ಬನ್ನು ತಿಂದು ಅರ್ಧ ಸತ್ಯ ಹೇಳಿದವಳು ತಾನು.

ಮನೆಯಲ್ಲಿ ಹೇಳಿ ನೋಡದೆ ಇರಲಿಲ್ಲ. ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಊಟದ ಹೊತ್ತಲ್ಲಿ ಅದೆಲ್ಲ ಯಾಕೆ? ಅಂಥದ್ದಕ್ಕೆ ಅಂತಾನೇ ಆಫೀಸಿದೆ. ಹೇಳೋದಿದ್ರೆ ಎಲ್ಲರ ಹಾಗೆ ಅಲ್ಲಿ ಸಾಲಲ್ಲಿ ನಿಂತು ಹೇಳ್ಬೇಕು."

ಅವಳು ಮರುಮಾತಾಡದೆ ತಟ್ಟೆ ತೊಳೆದಿಟ್ಟಳು. ಮರುಮಾತಾಡದಿರುವುದು ಅವಳಿಗೆ ಹಳೆಯ ಅಭ್ಯಾಸ. ಆ ಅಭ್ಯಾಸ ನೆನೆದರೆ ಈಗೀಗ ಅವಳಿಗೇ ಹೇಸಿಗೆಯಾಗುತ್ತಿತ್ತು.

ಒಳಗಿನಿಂದ ಕರೆ ಬಂತು.

ಶಾಸಕರು ಕಡತಗಳಿಗೆ ಸಹಿ ಹಾಕುತ್ತಿದ್ದರು. ಹಿಂದಿನ ಗೋಡೆಯ ಕ್ಯಾಲೆಂಡರಿನಲ್ಲಿ ಅವರೂ ಒಂದು ಹುಲಿಯೂ ಅಕ್ಕಪಕ್ಕ ನಗುತ್ತಿದ್ದರು, ಕೆಳಗೆ "ವನ್ಯಜೀವಿ ನಮ್ಮ ಹೆಮ್ಮೆ" ಎಂದಿತ್ತು. ಶಾಸಕರು ತೊಟ್ಟ ಅಂಗಿಯ ತೋಳಿನ ಒಂದು ಗುಂಡಿಗೆ ಮಾತ್ರ ಬೇರೆ ಬಣ್ಣದ ದಾರ. ಅದು ಕಣ್ಣಿಗೆ ಬಿದ್ದದ್ದೇ ಅವಳಿಗೆ ಮುಖ ಎಲ್ಲಿಡಲಿ ಎನಿಸಿತು. ಅಂಚೆಯವನ ಅಗಲ ಬೆನ್ನಿನ ಹಿಂದೆ ತಲೆ ತಗ್ಗಿಸಿ ನಿಂತಳು.

ಅಂಚೆಯವನು ಚೆನ್ನಾಗಿಯೇ ಹೇಳಿದ. ದಂಡೆ, ಬಿಲ, ಮರಿಗಳು, ಕಾರಿಗೆ ಸಿಕ್ಕಿ ಸತ್ತ ನೀರುನಾಯಿ, ಎರಡು ಮೋರಿ. ಬೇಕರಿಯವಳು ತುಟಿ ಕಚ್ಚಿಕೊಂಡು ಬೈಗುಳ ತಡೆದುಕೊಂಡಳು.

"ನೋಡೋಣ," ಎಂದರು ಶಾಸಕರು, ಸಹಿ ಹಾಕುತ್ತಲೇ.

"ನೋಡೋಣ ಬೇಡ ಸರ್. ಆಗತ್ತಾ, ಆಗಲ್ವಾ?"

ಪೆನ್ನು ನಿಂತಿತು.

"ನೋಡಿ ಯಜಮಾನ್ರೇ, ಆ ರಸ್ತೇಲಿ ನಾನೇ ದಿನಾ ಓಡಾಡ್ತೀನಿ. ಒಂದು ನೀರುನಾಯಿ ಸತ್ತಿದ್ದೂ ಕಂಡಿಲ್ಲ. ಯಾವುದೋ ಹೆಗ್ಗಣ ಇರ್ಬೇಕು. ಕಾರು ಹೊಡೆದಿದ್ದನ್ನ ಕಣ್ಣಾರೆ ಕಂಡೋರು ನಿಮ್ಮಲ್ಲಿ ಯಾರಾದ್ರೂ ಇದ್ದೀರಾ? ಇದ್ರೆ ಹೇಳಿ, ಇವತ್ತೇ ಮೋರಿ ಸೇರಿಸ್ತೀನಿ."

ಹೆಗ್ಗಣ ಎಂದದ್ದು ಕೇಳಿ ಅವಳ ಕಿವಿ ಬಿಸಿಯಾಯಿತು. ಆ ಸಂಜೆಯೂ ಇದೇ ಮಾತು ಕೇಳಿದ್ದಳು. ಆಗ ತುಟಿ ಬಿಚ್ಚಿರಲಿಲ್ಲ.

"ಹೇಳಿ ಛತ್ರಿ ಅಕ್ಕ," ಬೇಕರಿಯವಳು ಮೊಣಕೈ ಹಿಡಿದು ಮುಂದೆ ತಂದಳು. "ಹೆದರ್ಬೇಡಿ. ಅವರೇನು ನಿಮ್ಮನ್ನ ತಿಂದುಹಾಕ್ತಾರಾ?"

ಅವಳು ಟೋಪಿ ತೆಗೆದಳು. ಶಾಸಕರು ತಲೆ ಎತ್ತಿದರು. ಪೆನ್ನಿಗೆ ಮುಚ್ಚಳ ಹಾಕಲು ಹೊರಟ ಕೈ ಅಲ್ಲೇ ಉಳಿಯಿತು.

"ನೀವು ಹೇಳಿದ ಹಾಗೆ ಸಾಲಲ್ಲಿ ನಿಂತೇ ಬಂದಿದೀನಿ, ರೀ," ಎಂದಳು ಅವಳು. "ಕಾರು ಹೊಡೆದಿದ್ದು ನಾನು ಕಂಡೆ. ನಿಮ್ಮ ಪಕ್ಕದ ಸೀಟಲ್ಲೇ ಕೂತಿದ್ದೆ."