ಬಂದವರಿಗೆ ಬೆಲ್ಲ, ನೀರು

ನೀರಿನ ಲೋಟದ ಪಕ್ಕ ಬೆಲ್ಲದ ಚೂರು ಇಟ್ಟಿದ್ದು ಕಂಡರೆ ಈಗಲೂ ನಾನು ಲೋಟ ಮುಟ್ಟುವುದಿಲ್ಲ.

ಕೋಟದ ನಮ್ಮ ಶಾಲೆಗೆ ಆ ದಿನ ನರ್ಸಿಂಗ್ ಕಲಿಯುವ ಹುಡುಗಿಯರು ಬಂದಿದ್ದರು. ತಲೆ ಕೆಡುವುದು ಗಾಳಿ ಸೋಕಿ ಅಲ್ಲ, ಜ್ವರದ ಹಾಗೆ ಅದೂ ಒಂದು ಕಾಯಿಲೆ, ಮದ್ದಿದೆ ಎಂದರು. ನಾನು ಎದ್ದು ನಿಂತು, ನಮ್ಮ ದೊಡ್ಡತ್ತೆಯನ್ನು ಕೋಣೆಯಲ್ಲಿ ಕೂಡಿಹಾಕಿದ್ದಾರೆ ಎಂದೆ. ಮಧ್ಯಾಹ್ನ ಅವರಲ್ಲೊಬ್ಬರು ಮಾಸ್ಟ್ರ ಜೊತೆ ಮನೆಗೇ ಬಂದರು.

ಅಜ್ಜಿ ಜಗಲಿಯಲ್ಲಿ ಚಾಪೆ ಹಾಸಿದಳು. ಸಣ್ಣತ್ತೆಯನ್ನು ನೋಡಲು ಗಂಡಿನವರು ಬರುವ ವಾರ ಅದು.

"ಮಕ್ಳ್ ಮಾತ್ ಕೇಂಡ್ ಈ ಬಿಸ್ಲಲ್ ಬಂದ್ರ್ಯಾ ಮಾಸ್ಟ್ರೆ? ನಮ್ಮನಿಯಂಗ್ ಮಂಡೆ ಕೆಟ್ಟರ್ ಯಾರೂ ಇಲ್ಲ."

ಆಗ ಒಳಗಿನಿಂದ ದೊಡ್ಡತ್ತೆ ತನ್ನ ತಾಯಿಯನ್ನು ಕರೆದ ದನಿ ಬಂತು, ಮೊದಲಿನ ಹಾಗೇ, ತಣ್ಣಗೆ. "ಅಬ್ಬಿ, ಬಂದರಿಗೆ ಬೆಲ್ಲ ನೀರ್ ಕೊಟ್ಯಾ?"

ಗಾಬರಿಯಲ್ಲಿ ಅಜ್ಜಿ ಅದನ್ನೇ ಮರೆತಿದ್ದಳು.

ನರ್ಸಮ್ಮ ಅಗಳಿ ಹಾಕಿದ ಬಾಗಿಲನ್ನೇ ನೋಡಿದರು. "ಯಾರಮ್ಮ ಅದು?"

"ಕೆಲ್ಸದ್ ಹೆಣ್ಣ್" ಎಂದು ಅಜ್ಜಿ ಬೆಲ್ಲ, ನೀರು ತಂದಿಟ್ಟಳು. ನೀರು ಲೋಟದ ಅಂಚಿನಿಂದ ತುಳುಕಿತು. ಮಾಸ್ಟ್ರು ತಲೆ ಎತ್ತಲಿಲ್ಲ. ಕುಡಿದು ಇಬ್ಬರೂ ಹೋದರು.

ಸಂಜೆ ಅಜ್ಜಿ ಗಂಜಿ ಹಿಡಿದು ಬಾಗಿಲು ತೆರೆದಳು. ದೊಡ್ಡತ್ತೆ ಗೋಡೆ ಹಿಡಿದು ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು.

"ಒಡ್ತಿ, ಎಂತ ಕೆಲ್ಸ ಮಾಡ್ಕ್?"

ಆಮೇಲೆ ಸಾಯುವವರೆಗೂ ಅವಳು ಅಜ್ಜಿಯನ್ನು ಅಬ್ಬಿ ಎಂದು ಕರೆಯಲಿಲ್ಲ.