ದೀಪದ ಬಳಿಯ ವಾಚು

ತಗ್ಗು ಬಾಗಿಲಿಗೆ ನನ್ನ ಹಣೆ ಬಡಿಯಿತು. ಒಳಗೆ ಕೂತಿದ್ದ ಬೊಳ್ಳಮ್ಮಜ್ಜಿ ನಕ್ಕರು.

“ಹೋದ ತಿಂಗಳೂ ಹೊಡೆಸ್ಕೊಂಡ್ರಿ. ಹೊಸಬರು ಯಾರೇ ಬರ್ಲಿ, ಈ ಬಾಗಿಲು ಸುಮ್ನೆ ಬಿಡೋದಿಲ್ಲ.”

ಹಳೆಯ ಮಿಲಿಟರಿ ವಾಚುಗಳ ಮೂಲ ಹುಡುಕುವುದು ನನ್ನ ಹವ್ಯಾಸ. ಹೋದ ತಿಂಗಳು ಪರೀಕ್ಷಿಸಲೆಂದು ನಾನು ಒಯ್ದಿದ್ದ, ಇಪ್ಪತ್ನಾಲ್ಕು ಗಂಟೆಗಳ ಕಪ್ಪು ಮುಖದ ಈ ವಾಚು ಯುದ್ಧದಲ್ಲಿ ಮಡಿದ ಮೊದಲ ಗಂಡನದೆಂದು ಅಜ್ಜಿ ಅದನ್ನು ಇಷ್ಟು ವರ್ಷ ದೀಪದ ಬಳಿ ಇಟ್ಟಿದ್ದರು. ಗೊತ್ತಾದದ್ದನ್ನು ಹೇಳಲೋ ಬೇಡವೋ ಎಂದು ದಾರಿಯುದ್ದಕ್ಕೂ ಅಳುಕಿದ್ದೆ.

“ಅಜ್ಜಿ, ಇದು ಅವರದ್ದಲ್ಲ ಅನ್ಸುತ್ತೆ. ಮುಚ್ಚಳದ ಒಳಗೆ ತಯಾರಾದ ವರ್ಷ ಕೊರೆದಿದೆ. ನಾನೇ ತಪ್ಪು ಓದಿದ್ನೇನೋ ಅಂತ ಇನ್ನೊಬ್ಬರಿಗೂ ತೋರಿಸ್ದೆ. ನಿಮ್ಮ ಯಜಮಾನರು ತೀರಿಕೊಂಡ್ರು ಅಂತ ತಂತಿ ಬಂದು ಎರಡು ವರ್ಷ ಆದ್ಮೇಲೆ ಮಾಡಿದ ವಾಚಿದು.”

“ಅವರದ್ದೇ ಅಂತ ಹೇಳಿ ಕೊಟ್ಟನಲ್ಲ ಅವನು?”

“ಯಾರು?”

“ಮಿಲಿಟ್ರೀಲಿ ಜೊತೆಗಿದ್ದವನು ಅಂದ. ಮುಖ, ಗಂಟಲು ಎಲ್ಲ ಸುಟ್ಟುಹೋಗಿತ್ತು, ಪಾಪ. ಅಷ್ಟೊತ್ತಿಗೆ ನಮ್ಮ ಪದ್ಧತಿ ಪ್ರಕಾರ ಮೈದುನನ ಜೊತೆ ನನ್ನ ಮದುವೆ ಆಗಿತ್ತು. ಸೊಂಟದಲ್ಲಿ ಮಗು. ಅದನ್ನೇ ನೋಡ್ತಾ ನಿಂತ. ಕಾಫಿ ತರ್ತೀನಿ ಅಂದ್ರೆ ಬೇಡ ಅಂದ. ವಾಚು ಕೊಟ್ಟು ಹೋದ.”

“ನಿಮ್ಮ ಸಮಾಧಾನಕ್ಕೆ ಯಾರದ್ದೋ ವಾಚು ಕೊಟ್ಟಿರ್ಬೇಕು, ಅಜ್ಜಿ.”

ನನ್ನ ಹಣೆಯ ಮೇಲೆ ಎದ್ದಿದ್ದ ಬುಗುಟನ್ನೇ ನೋಡುತ್ತಿದ್ದ ಅಜ್ಜಿ ನಿಧಾನವಾಗಿ ಬಾಗಿಲಿನ ಕಡೆ ತಿರುಗಿದರು.

“ಆವತ್ತು ಬಂದವರು, ಆ ಬಾಗಿಲಲ್ಲಿ ತಾವಾಗೇ ತಲೆ ಬಗ್ಗಿಸಿದ್ರು.”