ಆಗ್ನೇಯ ಬಿಡದ ಒಲೆ

ಬಿಸಿಲಿನ ಕರೆಂಟಿಗಾಗಿ ಮೈಸೂರಿನ ಮನೆಗಳೆಲ್ಲ ಬುಡಸಮೇತ ಸೂರ್ಯನ ಹಿಂದೆ ತಿರುಗಲು ಶುರುಮಾಡಿ ಹನ್ನೆರಡು ವರ್ಷವಾಯಿತು. ಜನರ ತಲೆಸುತ್ತು ನಿಂತಿದೆ, ವಾಸ್ತು ಹುಚ್ಚು ನಿಂತಿಲ್ಲ. ಅಡಿಗೆಮನೆ ಅಲಂಕರಿಸುವ ನನ್ನ ಕಸುಬಿಗೆ ಅದೇ ಶನಿಕಾಟ.

“ಒಲೆ ಯಾವಾಗಲೂ ಆಗ್ನೇಯದಲ್ಲೇ ಇರ್ಬೇಕು ಕಣಮ್ಮ,” ಎಂದರು ಹೊಸ ಅಡಿಗೆಮನೆ ಮಾಡಿಸಲು ನನ್ನನ್ನು ಮನೆಗೆ ಕರೆಸಿದ್ದ ಕಮಲಾಕ್ಷಮ್ಮ. ನಾನು ಹರಡಿದ್ದ ಬಣ್ಣ, ಗ್ರಾನೈಟು, ಕಪಾಟಿನ ಚಿತ್ರ ಯಾವುದನ್ನೂ ಅವರು ಕಣ್ಣೆತ್ತಿ ನೋಡಲಿಲ್ಲ.

“ಮನೆ ತಿರುಗುತ್ತಲ್ಲಮ್ಮ?”

“ಒಲೆಗೆ ಚಕ್ರ ಹಾಕು. ಮನೆ ಎತ್ಲಾಗಾದ್ರೂ ತಿರುಗ್ಲಿ, ಒಲೆ ಆಗ್ನೇಯ ಬಿಡಬಾರ್ದು.”

ನಾನು ಹಲ್ಲು ಕಚ್ಚಿಕೊಂಡು ಮನೆಯ ನಕ್ಷೆ ಬಿಡಿಸಿದೆ. ಬೆಳಿಗ್ಗೆ ಒಲೆ ಅಡಿಗೆಮನೆಯಲ್ಲೇ ಇರುತ್ತದೆ. ಮಧ್ಯಾಹ್ನ ಆಗ್ನೇಯಕ್ಕೆ ಬರುವುದು ದೇವರಮನೆ, ಒಲೆಯೂ ಅಲ್ಲಿಗೇ ಹೋಗಬೇಕು.

“ಒಳ್ಳೇದೇ ಆಯ್ತು. ನೈವೇದ್ಯ ಹೊತ್ಕೊಂಡು ಓಡಾಡೋದು ತಪ್ತು.”

“ಸಂಜೆ ಆರಕ್ಕೆ ಬಚ್ಚಲುಮನೆ ಬರುತ್ತೆ. ನಿಮ್ಮ ಸಾರು ಅಲ್ಲೇ ಕುದೀಬೇಕು!” ಎಂದು ನಾನು ಗೆದ್ದವಳಂತೆ ಪೆನ್ನು ಮುಚ್ಚಿದೆ.

ಕಮಲಾಕ್ಷಮ್ಮ ಪಕ್ಕದಲ್ಲಿ ಪೇಪರ್ ಓದುತ್ತಿದ್ದ ಗಂಡನ ಕಡೆ ನೋಡಿದರು. ಶ್ರೀಕಂಠಯ್ಯನವರು ದಿನಾ ವಾಕಿಂಗ್ ಮುಗಿಸಿ ಸರಿಯಾಗಿ ಆರಕ್ಕೆ ಸ್ನಾನಕ್ಕಿಳಿಯುವವರು. ಅವರು ಪೇಪರನ್ನು ಇನ್ನಷ್ಟು ಮೇಲಕ್ಕೆತ್ತಿದರು.

“ಆ ಹೊತ್ತಿಗೆ ಅಡಿಗೆಮನೆ ಖಾಲಿ ತಾನೇ?” ಎಂದರು ಕಮಲಾಕ್ಷಮ್ಮ. “ಇವರು ಅಲ್ಲೇ ಸ್ನಾನ ಮಾಡ್ಲಿ. ಸಿಂಕ್ ಪಕ್ಕ ಒಂದು ಶವರ್ ಹಾಕ್ಬಿಡು.”

ಪೇಪರಿನ ಹಿಂದಿನಿಂದ ದನಿ ಬಂತು.

“ಕಿಟಕಿಗೆ ಪರದೆ ಮಾತ್ರ ದಪ್ಪಂದು ಹಾಕಮ್ಮ. ಆರು ಗಂಟೆಗೆ ಎದುರುಮನೆ ವರಾಂಡನೂ ಇತ್ಲಾಗೇ ತಿರುಗುತ್ತೆ.”